ಮಣ್ಣಿನ ಬಗೆ: ನೀರು

೨೦೨೫ರ ಮಾರ್ಚ್ ೧೧, ಮಂಗಳವಾರ, ಬೆಳಗ್ಗೆ ೧೦ ಗಂಟೆ ೪೦ ನಿಮಿಷ. ಆಸ್ಪತ್ರೆಯ ಎರಡನೇ ಮಹಡಿಯಲ್ಲಿ ಪಥ್ಯ ಹೇಳುವ ಮೇಡಂ ಒಂದು ಅಚ್ಚಾದ ಹಾಳೆಯನ್ನು ಮೇಜಿನ ಮೇಲಿಟ್ಟು, ಕೆಂಪು ಪೆನ್ನು ತೆಗೆದು, ‘ಸೊಪ್ಪು, ಹಸಿ ಎಲೆ’ ಎಂಬ ಸಾಲನ್ನು ಎಡದಿಂದ ಬಲಕ್ಕೆ ಹೊಡೆದುಹಾಕಿದರು. ಹೊತ್ತು ಇಷ್ಟು ಸರಿಯಾಗಿ ಗೊತ್ತಿರುವುದು ಲ್ಯಾಬಮ್ಮ ಅದನ್ನು ಬರೆದಿಟ್ಟುಕೊಂಡಿದ್ದರಿಂದ. ಮೂವತ್ತೊಂದು ವರ್ಷ ಮಣ್ಣು ಪರೀಕ್ಷಾಲಯದಲ್ಲಿ ದುಡಿದವಳು. ಒಂದು ಪ್ರಯೋಗ ಶುರುವಾದ ಹೊತ್ತನ್ನು ಬರೆದುಕೊಳ್ಳದೆ ಬಿಡುವುದು ಅವಳಿಂದಾಗದ ಕೆಲಸ. ಪ್ರಯೋಗ ಶುರುವಾಗಿದೆ ಎಂಬುದು ಆ ಕೋಣೆಯಲ್ಲಿ ಗೊತ್ತಿದ್ದದ್ದು ಅವಳೊಬ್ಬಳಿಗೇ.

ಪಕ್ಕದಲ್ಲಿ ಕುಳಿತಿದ್ದ ಅವಳ ಗಂಡ, ಬೀದಿಗೆಲ್ಲ ಬರೀ ‘ಟೈಲರ್’, ಆ ಕೆಂಪು ಗೆರೆಯನ್ನು ತಪ್ಪಾಗಿ ಕತ್ತರಿಸಿದ ಬಟ್ಟೆ ನೋಡುವಂತೆ ನೋಡಿದ.

“ಪೂರ್ತಿ ಬೇಡ್ವಾ ಮೇಡಂ? ನಾನು ಊಟಕ್ಕೆ ಕೂತ್ರೆ ತಟ್ಟೆ ತುಂಬ ಹಸಿ ಎಲೆ ಇರ್ಬೇಕು. ನಲವತ್ತು ವರ್ಷದಿಂದ ಹಂಗೇ.”

“ಬೇಯಿಸಿ, ಆ ನೀರು ಚೆಲ್ಲಿ, ಮತ್ತೆ ಬೇಯಿಸಿ, ಮತ್ತೆ ಚೆಲ್ಲಿ, ಒಂದೆರಡು ಚಮಚ ತಿನ್ನಿ. ಹಸಿ ಮಾತ್ರ ಬೇಡವೇ ಬೇಡ.”

“ಅದು ಬಣ್ಣ ಬಿಟ್ಟ ಬಟ್ಟೆ ಹಿಂಡಿ ತಿಂದಂಗೆ.”

ಮೇಡಂ ನಗಲಿಲ್ಲ. ನಗುವ ವಿಷಯವೂ ಆಗಿರಲಿಲ್ಲ. ಟೈಲರ್‌ನ ಮೂತ್ರಪಿಂಡ ಅರ್ಧಕ್ಕಿಂತ ಹೆಚ್ಚು ಸೋತಿತ್ತು. ಸೋತ ಮೂತ್ರಪಿಂಡ ಪೊಟ್ಯಾಸಿಯಮನ್ನು ಹೊರಹಾಕಲಾರದು. ಅದು ರಕ್ತದಲ್ಲಿ ಸೇರುತ್ತ ಸೇರುತ್ತ ಒಂದು ದಿನ ಎದೆಬಡಿತಕ್ಕೇ ಕೈ ಹಾಕುತ್ತದೆ. ಐದಕ್ಕಿಂತ ಕೆಳಗಿರಬೇಕಾದ ಅಂಕಿ ಆ ದಿನ ಲೀಟರಿಗೆ ೫.೯ ಮಿಲಿಮೋಲ್ ಇತ್ತು. ಹಸಿರೆಲೆ ಎಂದರೆ ಪೊಟ್ಯಾಸಿಯಮಿನ ಚೀಲ. ಲೆಕ್ಕ ಅಷ್ಟೇ.

“ಮೇಡಂ, ಪೊಟ್ಯಾಸಿಯಂ ಕಮ್ಮಿ ಇರೋ ಸೊಪ್ಪಾದ್ರೆ?” ಲ್ಯಾಬಮ್ಮ ಕೇಳಿದಳು.

“ಅಂಥ ಸೊಪ್ಪು ಮಾರ್ಕೆಟ್ಟಲ್ಲಿ ಎಲ್ಲೂ ಸಿಗಲ್ಲಮ್ಮ.”

“ಸಿಗಲ್ಲ ಸರಿ. ಬೆಳೆದ್ರೆ?”

ಮೇಡಂ ಪೆನ್ನಿನ ಮುಚ್ಚಳ ಹಾಕಿದರು. “ನೋಡಿ, ಹೊರಗೆ ಇನ್ನೂ ಹನ್ನೆರಡು ಜನ ಕಾಯ್ತಿದಾರೆ. ನೂರು ಗ್ರಾಮಿಗೆ ನೂರು ಮಿಲಿಗ್ರಾಮಿನ ಒಳಗಿದೆ ಅಂತ ಲ್ಯಾಬ್ ವರದಿ ತನ್ನಿ, ಆಗ ಮಾತಾಡೋಣ. ಅಲ್ಲೀವರೆಗೂ ಒಂದೆಲೆ ಬಾಯಿಗೆ ಹೋಗಬಾರದು. ನೀವು ಹಾಕಿದ್ದೇ ಆದ್ರೂ ಸರಿ, ದೇವಲೋಕದಿಂದ ಬಂದದ್ದಾದ್ರೂ ಸರಿ.”

“ಒಂದೆಲೆ ಹೋಗಲ್ಲ,” ಎಂದಳು ಲ್ಯಾಬಮ್ಮ. “ವರದಿ ಬರತ್ತೆ.”

ಮೆಟ್ಟಿಲಿಳಿಯುವಾಗ ಟೈಲರ್ ಕೇಳಿದ, “ಏನೇ ಅದು, ಸವಾಲು ಹಾಕ್ದಂಗೆ?”

“ಗಿಡ ಏನು ಕುಡಿಯುತ್ತೋ ಅದನ್ನೇ ಎಲೇಲಿ ಇಡುತ್ತೆ ರೀ. ನೆಲದಲ್ಲಿದ್ರೆ ಏನು ಕುಡಿತು ಅಂತ ನಮಗೆ ಗೊತ್ತಾಗಲ್ಲ. ನೀರು ತುಂಬಿದ ಡಬ್ಬೀಲಿದ್ರೆ ಗೊತ್ತಾಗತ್ತೆ. ನೀರಿಗೆ ಏನು ಹಾಕೋದು ಅನ್ನೋದು ನನ್ನ ಕೈಲಿರತ್ತೆ.”

“ಓಹೋ. ನನಗೆ ಪಥ್ಯ ಸಾಲದು ಅಂತ ಸೊಪ್ಪಿಗೂ ಪಥ್ಯ.”

“ಹೂಂ. ಹಂಗೇ ಅನ್ಕೊಳ್ಳಿ.”

ಇಂಥ ಎಲೆಯನ್ನು ಬೇರೆ ಕಡೆ ಬೆಳೆದಿದ್ದಾರೆಂದು ಅವಳು ಕೆಲಸದಲ್ಲಿದ್ದಾಗ ಒಂದು ಪತ್ರಿಕೆಯಲ್ಲಿ ಓದಿದ್ದಳು. ಓದಿ, ಪುಟದ ಸಂಖ್ಯೆ ಸಮೇತ ಬರೆದಿಟ್ಟುಕೊಂಡಿದ್ದಳು. ಅವಳದು ರಸಾಯನಶಾಸ್ತ್ರದ ಪದವಿ. ಸಿಕ್ಕಿದ್ದು ಅಟೆಂಡರ್ ಕೆಲಸ. ಸೀಸೆ ತೊಳೆಯುವುದರಿಂದ ಶುರುವಾಗಿ, ಕೊನೆಕೊನೆಗೆ ಲ್ಯಾಬಿನ ಅರ್ಧ ಅಳತೆಗಳನ್ನು ಅವಳೇ ತೆಗೆಯುತ್ತಿದ್ದಳು. ಸಹಿ ಹಾಕುವವರು ಮಾತ್ರ ಬೇರೆ.

ಮನೆ ಮೂರನೇ ಮಹಡಿಯಲ್ಲಿ, ಒಂದೂವರೆ ಕೋಣೆ. ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ, ಅದರ ಹಿಂದೆ ಗಾಜಿನ ಬಾಗಿಲು, ಬಾಗಿಲಾಚೆ ಒಬ್ಬರು ಕಾಲು ಚಾಚಿ ಕೂರುವಷ್ಟು ಬಾಲ್ಕನಿ. ಮಣ್ಣಿನ ಕುಂಡಗಳಿಗೆ ಅಲ್ಲಿ ಜಾಗವೂ ಇಲ್ಲ, ನೀರು ಸೋರಿದರೆ ಕೆಳಗಿನವರ ಬಾಯಿಗೂ ತಡೆ ಇಲ್ಲ. ಲ್ಯಾಬಮ್ಮ ಬಟ್ಟೆ ತುಂಬಿಡುವ ನಾಲ್ಕು ಪ್ಲಾಸ್ಟಿಕ್ ಡಬ್ಬಿಗಳನ್ನು ಖಾಲಿ ಮಾಡಿದಳು. ಒಂದೊಂದೂ ನಲವತ್ತೈದು ಸೆಂಟಿಮೀಟರ್ ಉದ್ದ, ನಲವತ್ತು ಅಗಲ. ಟೈಲರ್ ಮುಚ್ಚಳದಲ್ಲಿ ಸೀಮೆಸುಣ್ಣದಿಂದ ಆರಾರು ವೃತ್ತ ಗೀಚಿ, ಅಂಗಿಯ ಗುಂಡಿಗೆ ಕಾಜಾ ಕೊರೆಯುವಷ್ಟೇ ನಾಜೂಕಾಗಿ ತೂತು ಕೊರೆದ.

“ಎರಡಿಂಚು,” ಎಂದ.

“ಐದು ಸೆಂಟಿಮೀಟರ್ ಅಂದಿದ್ದೆ.”

“ಎರಡೂ ಒಂದೇ.”

“ಒಂದೇ ಅಲ್ಲ. ಎಂಟು ಕೂದಲೆಳೆ ವ್ಯತ್ಯಾಸ ಇದೆ.”

“ನಿನ್ನ ರವಿಕೆ ನಲವತ್ತು ವರ್ಷದಿಂದ ನಾನೇ ಹೊಲಿದಿದೀನಿ. ಇಂಚಲ್ಲೇ. ಒಂದಿನ ಬಿಗಿ ಅಂದಿದೀಯಾ?”

“ಅಂದಿದೀನಿ. ನಿಮಗೆ ಕೇಳಿಲ್ಲ.”

ಮೊಳಕೆಗೆ ಬೇಕಾದ ಮೆತ್ತೆಯೂ ಅವನ ಹೊಲಿಗೆ ಸಾಮಾನಿನಿಂದಲೇ ಬಂತು: ಕೋಟಿನ ಭುಜಕ್ಕೆ ಇಡುವ ಸ್ಪಂಜನ್ನು ಚೌಕ ಚೌಕವಾಗಿ ಕತ್ತರಿಸಿ, ಒಂದೊಂದರ ನಡುವೆ ಸೀಳು ಬಿಟ್ಟು, ಒಂದೊಂದು ಲೆಟ್ಯೂಸ್ ಬೀಜ. ಸ್ಪಂಜುಗಳನ್ನು ತಟ್ಟೆಯೊಂದರಲ್ಲಿ ಫ್ಲಾನಲ್ ಪಟ್ಟಿಯ ಮೇಲೆ ಸಾಲಾಗಿಟ್ಟಳು. ಪಟ್ಟಿಯ ಇನ್ನೊಂದು ತುದಿ ಕೆಳಗಿನ ನೀರಿನ ಬಾಟಲಿಯಲ್ಲಿ. ಬಟ್ಟೆ ತನಗೆ ಬೇಕಾದಷ್ಟು ನೀರನ್ನು ತಾನೇ ಹೀರಿ ಮೇಲಕ್ಕೆ ತರುತ್ತಿತ್ತು. ಯಾವ ಬಟ್ಟೆ ಚೆನ್ನಾಗಿ ಹೀರುತ್ತದೆ ಎಂದು ಹೇಳಿದವನೂ ಟೈಲರೇ. ಆಮೇಲೆ ಕರಿ ಅಸ್ತರಿನ ಬಟ್ಟೆಯಲ್ಲಿ ನಾಲ್ಕು ಡಬ್ಬಿಗೂ ಅಂಗಿ ಹೊಲಿದು ತೊಡಿಸಿದ. ಬೆಳಕು ಬಿದ್ದರೆ ನೀರು ಪಾಚಿಗಟ್ಟುತ್ತದೆ ಎಂದು ಹೆಂಡತಿ ಹೇಳಿದ್ದಳು.

ಎರಡು ವಾರಕ್ಕೆ ಸಸಿಗಳು ಡಬ್ಬಿಗೆ ಬಂದವು. ಪಂಪಿಲ್ಲ, ಕರೆಂಟಿಲ್ಲ, ದಿನಾ ನೀರು ಹಾಕುವುದೂ ಇಲ್ಲ. ಗಿಡ ಕುಡಿದ ಹಾಗೆ ನೀರು ಇಳಿಯುತ್ತದೆ. ಮೇಲೆ ಉಳಿದ ಬೇರು ಗಾಳಿ ಕುಡಿಯುತ್ತದೆ, ಕೆಳಗಿನದು ನೀರು. ಪೂರ್ತಿ ತುಂಬಿಸಿದರೆ ಉಸಿರುಕಟ್ಟಿ ಸಾಯುತ್ತದೆ. ಗೊಬ್ಬರದ ಲವಣಗಳನ್ನು ಮೂರು ಸೀಸೆಗಳಲ್ಲಿ ಕರಗಿಸಿ ಕ, ಖ, ಗ ಎಂದು ಚೀಟಿ ಅಂಟಿಸಿದಳು. ‘ಕ’ ಯಾವಾಗಲೂ ಬೇಕು. ‘ಖ’ದಲ್ಲಿ ಪೊಟ್ಯಾಸಿಯಂ ಇದೆ: ಗಿಡ ಬೆಳೆಯುವ ತನಕ ಅದು. ಕೊಯ್ಲಿಗೆ ಎರಡು ವಾರ ಇರುವಾಗ ಡಬ್ಬಿಯ ನೀರನ್ನೆಲ್ಲ ಚೆಲ್ಲಿ, ‘ಖ’ ನಿಲ್ಲಿಸಿ, ಪೊಟ್ಯಾಸಿಯಂ ಇಲ್ಲದ ‘ಗ’. ಬೆಳೆಯುವ ಎಲೆ ತನ್ನೊಳಗಿದ್ದದ್ದನ್ನೇ ಹಂಚಿಕೊಂಡು ತೆಳುವಾಗುತ್ತ ಹೋಗುತ್ತದೆ.

ಏಪ್ರಿಲ್ ೨೯ರಂದು ಅವಳು, ಹಿಂದಿನ ದಿನವೇ ಹತ್ತು ಗ್ರಾಂ ಎಲೆಯನ್ನು ಅರೆದು ಆಮ್ಲದಲ್ಲಿ ನೆನೆಸಿ ಸೋಸಿಟ್ಟಿದ್ದ ಮೂರು ಸೀಸೆಗಳೊಂದಿಗೆ ಹಳೆಯ ಲ್ಯಾಬಿಗೆ ಹೋದಳು. ಊಟದ ಬಿಡುವು. ಕೌಂಟರಿನಲ್ಲಿ ಕೂರುವ, ಅವಳ ಜೊತೆ ಇಪ್ಪತ್ತು ವರ್ಷ ಡಬ್ಬಿ ಹಂಚಿಕೊಂಡು ಉಂಡ ರಿಜಿಸ್ಟರಕ್ಕ, ಬೀಗದ ಕೈ ಕೊಟ್ಟು, “ಅರ್ಧ ಗಂಟೆ. ಸಾಹೇಬ್ರು ಬಂದ್ರೆ ನಾನು ನಿನ್ನ ನೋಡೇ ಇಲ್ಲ,” ಎಂದಳು.

ಫ್ಲೇಮ್ ಫೋಟೋಮೀಟರ್ ಹಳೆಯ ಮೂಲೆಯಲ್ಲೇ ಇತ್ತು. ಸಣ್ಣ ಕೊಳವೆ ದ್ರಾವಣವನ್ನು ಹೀರಿ ಜ್ವಾಲೆಗೆ ಉಗುಳುತ್ತದೆ. ಪೊಟ್ಯಾಸಿಯಂ ಇದ್ದರೆ ಜ್ವಾಲೆ ತಿಳಿನೇರಳೆಗೆ ತಿರುಗುತ್ತದೆ. ಎಷ್ಟು ಎಂಬುದನ್ನು ಯಂತ್ರ ಅಂಕಿಯಾಗಿ ಹೇಳುತ್ತದೆ. ಪೊಟ್ಯಾಸಿಯಂ ಎಷ್ಟಿದೆಯೆಂದು ಗೊತ್ತಿರುವ ದ್ರಾವಣಗಳನ್ನು ಮೊದಲು ಹೀರಿಸಿ ಯಂತ್ರ ಸರಿಯಿದೆಯೇ ನೋಡಿಕೊಂಡಳು. ಸರಿಯಿತ್ತು. ಆಮೇಲೆ ತನ್ನ ಎಲೆ.

ನೂರು ಗ್ರಾಮಿಗೆ ೩೮೮ ಮಿಲಿಗ್ರಾಂ.

ಅವಳು ಕೊಳವೆ ತೊಳೆದಳು. ಎರಡನೇ ಸೀಸೆ: ೩೯೧. ಮೂರನೆಯದು: ೩೭೯. ಮಾರ್ಕೆಟ್ಟಿನಲ್ಲಿ ಸಿಗುವ ಯಾವುದೇ ಎಲೆಗೂ ಇದಕ್ಕೂ ವ್ಯತ್ಯಾಸವೇ ಇಲ್ಲ. ಯಂತ್ರವನ್ನು ಇನ್ನೊಮ್ಮೆ ಪರೀಕ್ಷಿಸಿದಳು, ತನ್ನ ಗುಣಾಕಾರವನ್ನು ಎರಡು ಸಲ. ತಪ್ಪಿಲ್ಲದಿರುವುದು ಇಷ್ಟು ಬೇಸರ ತರಬಹುದು ಎಂದು ಅವಳಿಗೆ ಅಲ್ಲಿಯವರೆಗೂ ಗೊತ್ತಿರಲಿಲ್ಲ.

“ಯಾರು ಒಳಗೆ ಬಿಟ್ಟಿದ್ದು?” ಬಾಗಿಲಲ್ಲಿ ಲ್ಯಾಬಿನ ಸಾಹೇಬರು. ಬಂದು ಐದು ವರ್ಷವಾಗಿದ್ದರೂ ಕೈಗೆ ಆಮ್ಲದ ಒಂದು ಕಲೆ ಇಲ್ಲದ ಮನುಷ್ಯ.

“ಬಾಗಿಲು ತೆರೆದಿತ್ತು ಸರ್.”

“ನೀವು ರಿಟೈರ್ ಆಗಿ ಮೂರು ವರ್ಷ ಆಯ್ತು. ಅಡುಗೆಮನೆ ಸೊಪ್ಪು ತಂದು ಉರಿಸೋಕೆ ಇದೇನು ನಿಮ್ಮನೆ ಒಲೆನಾ? ಅಟೆಂಡರ್ ಆಗಿದ್ದಾಗ ಮುಟ್ಟಿದ್ದೇ ಹೆಚ್ಚು. ಇನ್ನು ಕೌಂಟರ್ ದಾಟಿ ಒಳಗೆ ಕಾಲಿಡಬೇಡಿ.”

ಲ್ಯಾಬಮ್ಮ ಗ್ಯಾಸ್ ಆರಿಸಿ, ಕೊಳವೆಯನ್ನು ಶುದ್ಧ ನೀರಲ್ಲಿ ಐದು ನಿಮಿಷ ಓಡಿಸಿ, ಒರೆಸಿ, ಮುಚ್ಚಳ ಹಾಕಿದಳು. ಸಾಹೇಬರು ಅಷ್ಟು ಹೊತ್ತೂ ನಿಂತೇ ಇರಬೇಕಾಯಿತು. “ಹಿಂಗೆ ತೊಳೀದೆ ಬಿಟ್ರೆ ನಾಳೆ ನಿಮ್ಮ ಅಂಕಿ ಸುಳ್ಳು ಹೇಳತ್ತೆ ಸರ್,” ಎಂದು ಹೇಳಿ ಹೊರಟಳು.

ಮನೆಗೆ ಬಂದವಳೇ ಚಪ್ಪಲಿ ಸಹ ಬಿಚ್ಚದೆ ಸೀಸೆಗಳ ಮುಂದೆ ಕೂತಳು. ಬಳಸಿದಾಗಲೆಲ್ಲ ದ್ರಾವಣದ ಮಟ್ಟಕ್ಕೆ ಸೀಸೆಯ ಮೇಲೆ ಗೆರೆ ಎಳೆಯುವುದು ಅವಳ ಪದ್ಧತಿ. ‘ಖ’ ಸೀಸೆ ಅವಳ ಕೊನೆಯ ಗೆರೆಗಿಂತ ಎರಡು ಬೆರಳು ಕೆಳಗಿತ್ತು.

ಹೊಲಿಗೆ ಯಂತ್ರದ ಸದ್ದು ನಿಂತಿತು.

“ರೀ.”

“ಏನು.”

“ಈ ಸೀಸೆ ಯಾರು ಮುಟ್ಟಿದ್ದು?”

ಟೈಲರ್ ಸೂಜಿಗೆ ದಾರ ಪೋಣಿಸುವುದರಲ್ಲಿ ಮಗ್ನನಾದ. ದಾರ ಆಗಲೇ ಪೋಣಿಸಿ ಆಗಿತ್ತು.

“ಹತ್ತು ದಿನದಿಂದ ನೋಡ್ತಿದೀನಿ ಕಣೇ,” ಎಂದ ಕೊನೆಗೆ. “ಹಳೇ ಎಲೆ ಅಂಚೆಲ್ಲ ಸುಟ್ಟಂಗೆ ಆಗೋಯ್ತು. ಹಳದಿ ಬಂತು. ನೀನು ಸ್ನಾನಕ್ಕೆ ಹೋದಾಗ ಈ ಸೀಸೇದು ಡಬ್ಬಿಗೆ ಎರಡೆರಡು ಮುಚ್ಚಳ ಹಾಕ್ದೆ. ಮಾರನೇ ದಿನಾನೂ ಹಾಕ್ದೆ. ಹೆಂಗೆ ಎದ್ದು ನಿಂತ್ವು ಗೊತ್ತಾ? ನನಗೇ ಒಂದು ಥರ ಹೊಟ್ಟೆ ತುಂಬಿದಂಗಾಯ್ತು.”

“ಅಂಚು ಸುಡಬೇಕು ಅಂತಲೇ ನಾನು ಮಾಡಿದ್ದು! ಸುಟ್ರೆ ಪೊಟ್ಯಾಸಿಯಂ ಇಳೀತಿದೆ ಅಂತ ಅರ್ಥ!”

“ಅದು ನಿನಗೆ ಅರ್ಥ. ನನಗೆ ಕಂಡಿದ್ದು ಹಸಿವು.” ಅವನು ಕನ್ನಡಕ ತೆಗೆದ. “ನನ್ನ ಬಾಯಿ ಕಟ್ಟಿದಾರೆ, ಸರಿ. ನನಗೋಸ್ಕರ ಅವುಗಳ ಬಾಯಿ ಯಾಕೆ ಕಟ್ಬೇಕು ಅನ್ನಿಸ್ತು.”

ಲ್ಯಾಬಮ್ಮ ಸೀಸೆಯನ್ನು ಕೆಳಗಿಟ್ಟಳು. ಒಂದೂವರೆ ತಿಂಗಳು ಈ ಮನುಷ್ಯ ಆಡಿಕೊಂಡು ನಕ್ಕು ಕಳೆದದ್ದನ್ನೇ ಅವಳು ಧೈರ್ಯ ಎಂದುಕೊಂಡಿದ್ದಳು. ಉಪ್ಪಿಲ್ಲದ, ಹಿಂಡಿದ ತರಕಾರಿಯ ತಟ್ಟೆಯ ಮುಂದೆ ಅವನು ಎಷ್ಟು ಸೊರಗಿದ್ದ ಎಂಬುದನ್ನು ಅಳೆಯುವ ಯಂತ್ರ ಅವಳಲ್ಲಿರಲಿಲ್ಲ.

“ಎಷ್ಟು ಬಂತು?” ಅವನೇ ಕೇಳಿದ.

“ಮುನ್ನೂರ ಎಂಬತ್ತೆಂಟು.”

“ಮುಂದಿನ ಮೂರನ್ನ ಅಳಿಸಿಬಿಡು. ಎಂಬತ್ತೆಂಟು ಆಗುತ್ತೆ.”

“ಅಳಿಸಿದ್ರೆ ನಿಮ್ಮ ಎದೆಗೆ ಗೊತ್ತಾಗಲ್ವಾ?”

“ತಮಾಷೆಗಂದೆ.” ಕನ್ನಡಕ ಮತ್ತೆ ಏರಿಸಿಕೊಂಡು, “ಬಿಡೇ, ಸಾಕು. ಸೊಪ್ಪು ತಿನ್ನದೆ ಯಾರೂ ಸತ್ತಿಲ್ಲ,” ಎಂದ.

“ಸಾಯೋ ವಿಷಯ ಅಲ್ಲ ರೀ ಇದು. ತಿನ್ನೋ ವಿಷಯ. ಬೇಡ ಅನ್ನೋದು ಅವರಿಗೆ ಸುಲಭ, ಒಂದು ಗೆರೆ ಎಳೆದ್ರೆ ಮುಗೀತು. ನಾನು ಸುಲಭಕ್ಕೆ ಬಿಡಲ್ಲ.” ಅವಳು ಎದ್ದು ಇಪ್ಪತ್ತನಾಲ್ಕು ಗಿಡಗಳನ್ನೂ ಕಿತ್ತು ಬುಟ್ಟಿಗೆ ಹಾಕಿದಳು. ಒಂದೆಲೆಯೂ ಅವನ ತಟ್ಟೆಗೆ ಬೀಳಲಿಲ್ಲ. ಅರ್ಧ ತಾನು ತಿನ್ನಬಹುದಿತ್ತು, ತಿನ್ನಲಿಲ್ಲ. ಎಲ್ಲವನ್ನೂ ಎದುರು ಮನೆಯವರಿಗೆ ಕೊಟ್ಟು ಬಂದು, ಸ್ಪಂಜು ಕತ್ತರಿಸಲು ಕತ್ತರಿ ಕೇಳಿದಳು.

ಟೈಲರ್ ಕತ್ತರಿ ಕೊಟ್ಟ. ಆಮೇಲೆ ‘ಖ’ ಸೀಸೆಯನ್ನು ತಾನೇ ಟ್ರಂಕಿನಲ್ಲಿಟ್ಟು ಬೀಗ ಹಾಕಿ, ಬೀಗದ ಕೈಯನ್ನು ಅವಳ ಮುಂದಿಟ್ಟ. “ನನ್ನ ನಂಬಬೇಡ. ನಾನು ಮತ್ತೆ ಹಾಕ್ತೀನಿ,” ಎಂದ, ತುಂಬಾ ಪ್ರಾಮಾಣಿಕವಾಗಿ.

ಎರಡನೇ ಬೆಳೆಯ ಪಥ್ಯ ಜೂನ್ ಒಂದಕ್ಕೆ ಶುರುವಾಯಿತು. ಒಂಬತ್ತನೇ ದಿನ ಅಂಚುಗಳು ಹಳದಿಗೆ ತಿರುಗಿದವು, ಹನ್ನೊಂದಕ್ಕೆ ಕಂದು. ಟೈಲರ್ ಗಾಜಿನ ಬಾಗಿಲಿಗೆ ಬೆನ್ನು ಹಾಕುವಂತೆ ಯಂತ್ರ ತಿರುಗಿಸಿಕೊಂಡ. ಎರಡು ದಿನ ಬಿಟ್ಟು ಮತ್ತೆ ಎದುರಾಗಿಯೇ ಇಟ್ಟುಕೊಂಡ. ಅವನು ಬಾಗಿಲ ಸಂದಿಯಲ್ಲಿ ಗಿಡಗಳಿಗೆ ಹೇಳುವುದು ಒಳಗೆ ಕೇಳುತ್ತಿತ್ತು: “ತಡ್ಕೊಳ್ರಪ್ಪಾ. ನಾನೂ ತಡ್ಕೊಂಡಿದೀನಿ. ಒಳಗಿರೋಳು ಇಬ್ಬರನ್ನೂ ಬಿಡಲ್ಲ.”

ಜೂನ್ ೧೬, ಸೋಮವಾರ, ಲ್ಯಾಬಮ್ಮ ಕೌಂಟರಿನ ಈಚೆ ನಿಂತಳು. ಕೈಯಲ್ಲಿ ಒದ್ದೆ ಬಟ್ಟೆಯಲ್ಲಿ ಸುತ್ತಿದ ಎಲೆ. ಪಕ್ಕದಲ್ಲಿ ಟೈಲರ್.

“ಬೀಗದ ಕೈ ಕೇಳಬೇಡ,” ಎಂದಳು ರಿಜಿಸ್ಟರಕ್ಕ ತಗ್ಗಿದ ದನಿಯಲ್ಲಿ. “ಹೋದ ಸಲವೇ ನನಗೆ ಮಂಗಳಾರತಿ ಆಯ್ತು.”

“ಬೀಗದ ಕೈ ಬೇಡ ಅಕ್ಕ. ಎಲೆ ಪರೀಕ್ಷೆ ಅರ್ಜಿ ಕೊಡು. ಎಲ್ಲರಿಗೂ ಕೊಡ್ತೀಯಲ್ಲ, ಅದೇ.”

ಅರ್ಜಿಯನ್ನು ಅವಳು ಅಲ್ಲೇ ತುಂಬಿದಳು. ಬೆಳೆಗಾರರ ಹೆಸರು: ತನ್ನದು. ಬೆಳೆ: ಲೆಟ್ಯೂಸ್. ಜಮೀನಿನ ವಿಸ್ತೀರ್ಣ: ೦.೭೨ ಚದರ ಮೀಟರ್. ಮಣ್ಣಿನ ಬಗೆ, ಕೆಂಪು, ಕಪ್ಪು, ಮರಳು, ಇತರೆ: ‘ಇತರೆ’ಗೆ ಗುರುತು ಹಾಕಿ ಪಕ್ಕದಲ್ಲಿ ‘ನೀರು’ ಎಂದು ಬರೆದಳು.

ರಿಜಿಸ್ಟರಕ್ಕನಿಗೆ ನಗು ತಡೆಯಲಾಗಲಿಲ್ಲ. ನಗು ಕೇಳಿ ಸಾಹೇಬರು ಬಂದರು, ಅರ್ಜಿ ಓದಿದರು.

“ಇದೇನು ಹುಡುಗಾಟ? ಪಾಯಿಂಟ್ ಏಳು ಎರಡು ಚದರ ಮೀಟರ್! ಇದು ಜಮೀನಾ?”

“ಅಳತೆ ತಪ್ಪಿದ್ರೆ ಬಂದು ಅಳೀರಿ ಸರ್. ಟೇಪು ನಾನೇ ಕೊಡ್ತೀನಿ,” ಎಂದ ಟೈಲರ್.

“ನೀರಲ್ಲಿ ಬೆಳೆದದ್ದಕ್ಕೆ ಇಲ್ಲಿ ಅವಕಾಶ ಇಲ್ಲ. ಇದು ಮಣ್ಣು ಪರೀಕ್ಷಾಲಯ.”

“ಎಲೆ ಪರೀಕ್ಷೆನೂ ಇದೆ ಸರ್, ನಿಮ್ಮ ತಲೆ ಮೇಲೇ ಬೋರ್ಡಿದೆ,” ಎಂದಳು ಲ್ಯಾಬಮ್ಮ. “ಏಳನೇ ನಿಯಮ ನೋಡಿ. ಯಾವ ಬೆಳೆಗಾರ ಮಾದರಿ ತಂದ್ರೂ ಅದೇ ದಿನ ಸ್ವೀಕೃತಿ ಕೊಡಬೇಕು. ಇಲ್ಲಾಂದ್ರೆ ಯಾಕೆ ತಗೊಳಲ್ಲ ಅಂತ ಬರೆದು ಸಹಿ ಹಾಕಿ ಕೊಡಬೇಕು. ಆ ಬೋರ್ಡ್ ಗೋಡೆಗೆ ಹೊಡೆದಿದ್ದು ನಾನೇ. ಬೆಳೆಗಾರ ಅಂತಿದೆ. ಮಣ್ಣಿರೋನು ಅಂತಿಲ್ಲ.”

ಸಾಲಿನಲ್ಲಿ ಹಿಂದೆ ನಿಂತಿದ್ದ ಐದಾರು ಜನ ಬೋರ್ಡಿನ ಕಡೆ ಕತ್ತೆತ್ತಿದರು. ಒಬ್ಬ ಗಟ್ಟಿಯಾಗಿ ಏಳನೇ ನಿಯಮ ಓದಿಯೂಬಿಟ್ಟ.

“ತಗೊಳಲ್ಲ ಅಂತ ಬರೆದುಕೊಡಿ ಸರ್, ಹೋಗ್ತೀವಿ,” ಎಂದಳು ಲ್ಯಾಬಮ್ಮ. “ಕಾರಣದ ಜಾಗದಲ್ಲಿ ‘ಅಟೆಂಡರ್ ಆಗಿದ್ದಳು’ ಅಂತ ಬರೆದ್ರೂ ಪರವಾಗಿಲ್ಲ.”

ಬರೆದುಕೊಡುವುದು ಎಂದೊಡನೆ ಸಾಹೇಬರ ಕೈ ಜೇಬಿನ ಪೆನ್ನಿನತನಕ ಹೋಗಿ ಅಲ್ಲೇ ನಿಂತಿತು. ಅವರು ಲ್ಯಾಬಮ್ಮನನ್ನು ನೋಡಿದರು, ಸಾಲನ್ನು ನೋಡಿದರು, ಟೈಲರ್‌ನ ಕುತ್ತಿಗೆಗೆ ನೇತುಬಿದ್ದ ಟೇಪನ್ನು ನೋಡಿದರು. “ತಗೊಳ್ರೀ,” ಎಂದು ರಿಜಿಸ್ಟರಕ್ಕನಿಗೆ ಹೇಳಿ ಒಳಗೆ ಹೋದರು.

ವರದಿ ಗುರುವಾರ ಬಂತು. ಕೆಳಗೆ ಸಾಹೇಬರ ಸಹಿ, ಮೇಲೆ ಬೆಳೆಗಾರಳ ಹೆಸರು. ನೂರು ಗ್ರಾಮಿಗೆ ೮೪ ಮಿಲಿಗ್ರಾಂ. ಲ್ಯಾಬಮ್ಮ ಅದನ್ನು ಬಸ್ಸಿನಲ್ಲಿ ನಾಲ್ಕು ಸಲ ಮಡಚಿ, ನಾಲ್ಕು ಸಲ ಬಿಚ್ಚಿದಳು.

ಶನಿವಾರ ಪಥ್ಯದ ಮೇಡಂ ಅದನ್ನು ಎರಡು ಸಲ ಓದಿದರು. ಸೋಡಿಯಂ ಎಷ್ಟಿದೆ ಎಂದು ಕೇಳಿದರು; ಅದೂ ವರದಿಯಲ್ಲಿತ್ತು, ಕಡಿಮೆಯೇ ಇತ್ತು. ಯಾವ ಲವಣ, ಎಷ್ಟು ದಿನ, ಪ್ರತಿ ಬೆಳೆಗೂ ಹೀಗೇ ಬರುತ್ತದೆಯೇ ಎಂದು ಕೇಳಿದರು. ಕೊನೆಯದಕ್ಕೆ ಲ್ಯಾಬಮ್ಮ, “ಗೊತ್ತಿಲ್ಲ. ಪ್ರತಿ ಬೆಳೆನೂ ಅಳೆದೇ ಕೊಡ್ತೀನಿ,” ಎಂದಳು. ಆ ಉತ್ತರವೇ ಮೇಡಂಗೆ ಹಿಡಿಸಿದ ಹಾಗಿತ್ತು.

“ದಿನಕ್ಕೆ ನಲವತ್ತು ಗ್ರಾಂ. ತೂಕ ಹಾಕಿ. ಮಾತ್ರೆ, ಉಳಿದ ಪಥ್ಯ ಒಂದೂ ಬದಲಾಗಬಾರದು. ಹತ್ತು ದಿನಕ್ಕೆ ರಕ್ತ ಪರೀಕ್ಷೆ. ಅಂಕಿ ಏರಿದ್ರೆ ಮತ್ತೆ ನನ್ನ ಹತ್ರ ವಾದ ಮಾಡಬಾರದು.”

“ಏರಿದ್ರೆ ನಾನೇ ಕಿತ್ತು ಹಾಕ್ತೀನಿ,” ಎಂದಳು ಲ್ಯಾಬಮ್ಮ. “ಒಂದ್ಸಲ ಹಾಕಿದೀನಿ.”

ಆ ಮಧ್ಯಾಹ್ನ ಅವಳು ತಕ್ಕಡಿಯಲ್ಲಿ ಎಲೆಗಳನ್ನು ಒಂದೊಂದಾಗಿ ಇಟ್ಟು ನಲವತ್ತಕ್ಕೆ ನಿಲ್ಲಿಸಿದಳು. ಒಂಬತ್ತು ಎಲೆ. ಅಂಚಿನಲ್ಲಿ ಕಂದು ಗೆರೆ, ಮಾರ್ಕೆಟ್ಟಿನಲ್ಲಿ ಯಾರೂ ಕೊಳ್ಳದ ಎಲೆ. ಟೈಲರ್ ಮೊದಲನೆಯದನ್ನು ಮಡಚಿ ಬಾಯಿಗಿಟ್ಟುಕೊಂಡ. ಕರುಂ ಎಂದಿತು. ಅವನು ಅಗಿಯುವುದನ್ನು ನಿಲ್ಲಿಸಿ, ಆ ಸದ್ದು ತನ್ನದೇ ಬಾಯಿಂದ ಬಂತೇ ಎಂಬಂತೆ ಅವಳ ಮುಖ ನೋಡಿದ.

“ಹೆಂಗಿದೆ?”

“ಸ್ವಲ್ಪ ಕಹಿ.”

“ಕಹೀನಾ?”

“ಹೂಂ. ಜಗಳಗಂಟಿ ಬೆಳೆದದ್ದಲ್ವಾ.” ಅವನು ಎರಡನೆಯದಕ್ಕೆ ಕೈ ಹಾಕಿದ. ಒಂಬತ್ತನೆಯದನ್ನೂ ಮುಗಿಸಿದ. ಆಮೇಲೆ ಕೇಳಿದ್ದು ಇಷ್ಟೇ: “ಮುಂದಿನ ಬೀಜ ಯಾವತ್ತು ಹಾಕ್ತೀಯ?”

ಹಾಕಿ ಆಗಿತ್ತು. ಸ್ಪಂಜಿನ ಸೀಳುಗಳಲ್ಲಿ ಮೂರನೇ ಬೆಳೆ ಆಗಲೇ ಬಿಳಿ ಬೇರು ಬಿಟ್ಟಿತ್ತು.

ಜುಲೈ ೧, ಮಂಗಳವಾರ, ಬೆಳಗ್ಗೆ ೮ ಗಂಟೆ ೧೫ ನಿಮಿಷಕ್ಕೆ ರಕ್ತ ಕೊಟ್ಟರು. ಫಲಿತಾಂಶ ಮಧ್ಯಾಹ್ನ ಎರಡಕ್ಕೆ ಬಂತು. ಟೈಲರ್‌ನ ರಕ್ತದಲ್ಲಿ ಪೊಟ್ಯಾಸಿಯಂ, ಲೀಟರಿಗೆ ೪.೮ ಮಿಲಿಮೋಲ್.